ಡಿ ಜೀವಸತ್ವ ಕಡಿಮೆಯಾದರೆ ಹೃದಯಕ್ಕೆ ಕುತ್ತೇ?

ತಾಳವಾಡಿ ಬೆಟ್ಟಸೀಮೆಯ ಗುಮಟಾಪುರವೆಂದರೆ ದೀಪಾವಳಿಯ ಕೊನೆಗೆ ಬೀರೇಶ್ವರ ಗುಡಿಯ ಬಳಿ ನಡೆಯುವ ಗೊರೆ ಹಬ್ಬ ನೆನಪಾಗುತ್ತದೆ. ಗಂಡಸರು ಬರಿಮೈಯಲ್ಲಿ ನಿಂತು ಸಗಣಿಯುಂಡೆ ಎಸೆದಾಡುತ್ತಾರೆ. ಹೊಲದಲ್ಲಿ ದುಡಿಯುವ ಆ ಮೈಗಳಿಗೆ ಬಿಸಿಲು ಹೊಸದಲ್ಲ. ಪೇಟೆಯ ವ್ಯಾಪಾರಿಯಾದರೋ ಬೆಳಿಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತರೆ ಏಳುವುದು ರಾತ್ರಿಗೆ. ಮನೆಯ ಹೆಂಗಸರಿಗೂ ಬಿಸಿಲು ಅಷ್ಟಕ್ಕಷ್ಟೆ.

ತಾಳವಾಡಿ ಸೀಮೆಯದೇ ಗಾಜನೂರಿನ ಮನೆತನದ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಹೃದಯ ತಪಾಸಣೆಗೆ ಜನ ಸಾಲುಗಟ್ಟಿದರು. ಇಂಥ ಹೆದರಿಕೆಯಲ್ಲಿರುವವರು ರಕ್ತಪರೀಕ್ಷೆಯ ಚೀಟಿಯಲ್ಲಿ 'ಡಿ ಕಡಿಮೆ' ಎಂದು ಕಂಡರೆ ಗಾಬರಿಯಾಗುವುದು ಸಹಜ.

ಗಾಬರಿಗೆ ಕಾರಣವಿತ್ತು. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 1,739 ಮಂದಿಯನ್ನು ಗಮನಿಸಿ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಿ ತೀರ ಕಡಿಮೆಯಿದ್ದವರಿಗೆ ಹೃದ್ರೋಗ ಹೆಚ್ಚಾಗಿ ಕಂಡಿತ್ತು. ಆದರೆ ಮಳೆಗಾಲದಲ್ಲಿ ಕೊಡೆಯ ವ್ಯಾಪಾರವೂ ಏರುತ್ತದೆ, ನೆಗಡಿಯೂ ಏರುತ್ತದೆ. ಕೊಡೆಯಿಂದ ನೆಗಡಿ ಬಂತೆನ್ನಲಾದೀತೆ? ಬೊಜ್ಜು ಬೆಳೆದವರು, ಕಾಯಿಲೆಯವರು, ಮನೆ ಬಿಟ್ಟು ಹೊರಡದವರು, ಇವರಲ್ಲಿ ಡಿ ತಾನಾಗಿಯೇ ಇಳಿದಿರುತ್ತದೆ.

ಮಾತ್ರೆ ಕೊಟ್ಟೇ ನೋಡೋಣವೆಂದು ಅಮೆರಿಕದಲ್ಲಿ 25,871 ಮಂದಿಯ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಅರ್ಧ ಜನಕ್ಕೆ ದಿನಕ್ಕೆ 2,000 ಯೂನಿಟ್ ಡಿ, ಉಳಿದವರಿಗೆ ಔಷಧಿಯಿಲ್ಲದ ತೋರಿಕೆಯ ಮಾತ್ರೆ. ಐದು ವರ್ಷ ಕಳೆದರೂ ಹೃದಯಾಘಾತ, ಲಕ್ವಗಳು ಕಡಿಮೆಯಾಗಲಿಲ್ಲ. 2018ರಲ್ಲಿ ಈ ಫಲಿತಾಂಶ ಹೊರಬಂತು. ಅವರಲ್ಲಿ ಹೆಚ್ಚಿನವರಿಗೆ ಡಿ ಕೊರತೆ ಇರಲಿಲ್ಲವೆಂಬುದೂ ನಿಜ.

ಹಾಗೆಂದು ಕೊರತೆಯನ್ನು ಅಲಕ್ಷಿಸಬಾರದು. ಮೂಳೆ, ಸ್ನಾಯುಗಳಿಗೆ ಡಿ ಬೇಕೇ ಬೇಕು. ಮೀನು, ಮೊಟ್ಟೆ, ಅಣಬೆ ಮುಟ್ಟದ ನಮ್ಮ ಮನೆಗಳಲ್ಲಿ ಊಟದಿಂದ ಸಿಗುವುದು ಅತ್ಯಲ್ಪ. ಬಿಸಿಲೇ ಮೂಲ. ಎಳೆಬಿಸಿಲಿಗೆ ಇದರಲ್ಲಿ ಬಲ ಸಾಲದು. ನೆರಳು ನಮಗಿಂತ ಗಿಡ್ಡವಾದಾಗ ಮುಖ, ತೋಳುಗಳಿಗೆ ಸ್ವಲ್ಪ ಹೊತ್ತು ಬಿಸಿಲು ತಾಗಲಿ. ಚರ್ಮ ಕೆಂಪಾಗುವಷ್ಟು ಬೇಡ. ಗಾಜಿನ ಹಿಂದೆ ಕುಳಿತರೆ ಪ್ರಯೋಜನವಿಲ್ಲ.

ವೈದ್ಯರು ಮಾತ್ರೆ ಬರೆದರೆ ಒಂದು ಮಾತು ಕೇಳಿ. ಮೆದು ಕ್ಯಾಪ್ಸೂಲಿನ ಹೊದಿಕೆ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್. ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3ಯೂ ಸಿಗುತ್ತದೆ. 60,000 ಯೂನಿಟ್‌ನದನ್ನು ತಾವೇ ಕೊಂಡು ವಾರವಾರ ವರ್ಷಗಟ್ಟಲೆ ನುಂಗಬೇಡಿ. ಅತಿಯಾದರೆ ರಕ್ತದಲ್ಲಿ ಸುಣ್ಣದ ಅಂಶ ಏರಿ ಮೂತ್ರಪಿಂಡ ಕೆಡುತ್ತದೆ, ಹೃದಯದ ಬಡಿತವೂ ತಪ್ಪಬಹುದು.

ಡಿ ಮಾತ್ರೆ ನಂಬಿ ಬಿ.ಪಿ., ಸಕ್ಕರೆ ಕಾಯಿಲೆಯ ಔಷಧಿ ಬಿಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಹೃದಯದ ಲೆಕ್ಕಪುಸ್ತಕದಲ್ಲಿ ಮೊದಲ ಪುಟ ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್, ತಂಬಾಕು ಮತ್ತು ಕುಳಿತೇ ಇರುವ ಅಭ್ಯಾಸಗಳದು. ಮಧ್ಯಾಹ್ನ ಅಂಗಡಿಯನ್ನು ಮಗನಿಗೊಪ್ಪಿಸಿ ಅರ್ಧ ಗಂಟೆ ನಡೆದುಬನ್ನಿ. ಬಿಸಿಲೂ ಸಿಕ್ಕೀತು, ಹೃದಯಕ್ಕೆ ವ್ಯಾಯಾಮವೂ ಆದೀತು; ಕಾಸಿನ ಖರ್ಚಿಲ್ಲ.