ಮುಂದಿನವರು ಎನ್ನದೆ ಕೇಳುವುದು

'ನಾಳೆ ನಂದು ಸಂದರ್ಶನ ಅದ, ಜಲ್ದಿ ಎಬ್ಬಿಸು' ಎಂದು ಅವ್ವನಿಗೆ ಹೇಳಿ ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಮನೆಯಲ್ಲಿ ಹಬ್ಬದ ಕಳೆ! ಅವ್ವ ದೇವರ ಮುಂದೆ ದೀಪ ಹಚ್ಚಿ, ನನ್ನ ಚೂಡಿದಾರಕ್ಕೆ ಇಸ್ತ್ರಿ ಮಾಡಿಟ್ಟಿದ್ದಳು. ಅಪ್ಪ ನನ್ನ ಅಂಕಪಟ್ಟಿಗಳನ್ನೆಲ್ಲ ಒಂದು ಫೈಲಿಗೆ ಸೇರಿಸಿ ಕೈಗಿಡುತ್ತ 'ಯಾವ ಕಂಪನಿ?' ಎಂದು ಕೇಳಿದರು. ಕಂಪನಿಯಲ್ಲ, ಹಿಂದಿನ ಓಣಿಯ ಆಯಿ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ತೊಂಬತ್ತರ ಮುದುಕಿಯ ಹತ್ತಿರ ಇವಳಿಗೆ ಎಂಥ ನೌಕರಿ?

ತಪ್ಪು ಅವರದಲ್ಲ. ಸಂದರ್ಶನ ಎಂಬ ಒಂದೇ ಶಬ್ದಕ್ಕೆ ಕನ್ನಡದಲ್ಲಿ ಎರಡು ಸಂಸಾರ. ಒಂದು, ನೌಕರಿ ಕೊಡುವವರು ಮೇಜಿನ ಆಚೆ ಕುಳಿತು ಮಾಡುವುದು. ಇನ್ನೊಂದು, ಗೊತ್ತಿಲ್ಲದ್ದನ್ನು ತಿಳಿಯಲು ಗೊತ್ತಿದ್ದವರ ಮನೆಗೆ ಹೋಗಿ ಕೇಳುವುದು. ಮಕ್ಕಳು ಕಾಲೇಜು ಮೆಟ್ಟಿಲು ಹತ್ತಿದ ದಿನದಿಂದ ನಮ್ಮ ತಂದೆ ತಾಯಂದಿರಿಗೆ ಮೊದಲನೆಯದೇ ಕಣ್ಣಮುಂದೆ. ಎರಡನೆಯದಕ್ಕೆ ಈ ವರ್ಷ ನಮ್ಮ ತರಗತಿಯಲ್ಲಿ ಇಪ್ಪತ್ತು ಅಂಕ.

ನಾನು ಬಿ.ಎ. ಎರಡನೆಯ ವರ್ಷದ ಇತಿಹಾಸದ ವಿದ್ಯಾರ್ಥಿನಿ. ಮನೆ ಕಲಬುರಗಿಯ ಕುಸನೂರಿನಲ್ಲಿ. ಎಂಬತ್ತು ದಾಟಿದ ಒಬ್ಬರನ್ನು ಮಾತನಾಡಿಸಿ, ಅದನ್ನು ಬರೆದು ಒಪ್ಪಿಸಬೇಕು ಎಂದು ನಮ್ಮ ಮೇಡಂ ಹೇಳಿದಾಗ 'ಇಷ್ಟೇನಾ' ಎನಿಸಿತ್ತು. ಅವರು ಎರಡು ತರಗತಿಗಳಲ್ಲಿ ಇದರ ಕ್ರಮವನ್ನೂ ಹೇಳಿಕೊಟ್ಟಿದ್ದರು. ಹೌದು-ಅಲ್ಲ ಎಂಬ ಉತ್ತರ ಬರುವ ಪ್ರಶ್ನೆ ಕೇಳಬೇಡಿ. ಧ್ವನಿಮುದ್ರಣ ಮಾಡುವ ಮೊದಲು ಒಪ್ಪಿಗೆ ಪಡೆಯಿರಿ. ದಿನಾಂಕ, ಸ್ಥಳ ಮರೆಯದೆ ಬರೆಯಿರಿ. ಮಾತು ನಿಂತರೆ ಗಡಬಡಿಸಿ ಮುಂದಿನ ಪ್ರಶ್ನೆಗೆ ಹಾರಬೇಡಿ. ಇದು ಹರಟೆಯಲ್ಲ, ಒಂದು ಶಾಸ್ತ್ರ ಎಂದೂ ಹೇಳಿದರು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಲನ್ ನೆವಿನ್ಸ್ ಎಂಬ ಇತಿಹಾಸಕಾರ ಮೌಖಿಕ ಇತಿಹಾಸದ ಕೆಲಸ ಆರಂಭಿಸಿದ್ದು 1948ರಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಕಾದಾಡಿದ ಹೆಣ್ಣುಮಕ್ಕಳ ಮನೆ ಮನೆಗೆ ಹೋಗಿ ಕೇಳಿ ಬರೆದ ಬೆಲಾರೂಸಿನ ಸ್ವೆಟ್ಲಾನಾ ಅಲೆಕ್ಸಿಯೆವಿಚ್‌ಗೆ 2015ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂತು.

1948 ಎಂದೊಡನೆ ನಮ್ಮ ಭಾಗದವರಿಗೆ ಬೇರೆಯದೇ ನೆನಪಾಗುತ್ತದೆ. ನಾಡಿಗೆಲ್ಲ 1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದರೆ, ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮಗೆ ಅದು ಬಂದದ್ದು 1948ರ ಸೆಪ್ಟೆಂಬರ್ 17ರಂದು, ಪೊಲೀಸ್ ಕಾರ್ಯಾಚರಣೆಯ ನಂತರ. ಪ್ರತಿ ವರ್ಷ ಆ ದಿನ ಧ್ವಜ ಹಾರಿಸುತ್ತೇವೆ, ಭಾಷಣ ಕೇಳುತ್ತೇವೆ, ಮಿಠಾಯಿ ತಿಂದು ಮನೆಗೆ ಬರುತ್ತೇವೆ. ನಾನೂ ಅದನ್ನೇ ವಿಷಯವಾಗಿ ಆರಿಸಿಕೊಂಡೆ. ಗ್ರಂಥಾಲಯದಲ್ಲಿ ಸಿಕ್ಕದ್ದನ್ನು ಓದಿ, ಇಪ್ಪತ್ತೆರಡು ಪ್ರಶ್ನೆ ಬರೆದುಕೊಂಡು, ಮೊಬೈಲಿಗೆ ಪೂರ್ತಿ ಚಾರ್ಜ್ ಹಾಕಿ, ಶೂರಳಂತೆ ಆಯಿಯ ಮನೆಗೆ ಹೋದೆ.

'ಆಯಿ, ನಿಮ್ಮ ಜನ್ಮದಿನಾಂಕ?'

'ಯಾರಿಗಿ ಗೊತ್ತವ್ವ. ಪೊಲೀಸ್ ಆಕ್ಷನ್ ಆದಾಗ ತುಂಬಿದ ಕೊಡ ಹೊರೂವಷ್ಟು ದೊಡ್ಡಾಕಿ ಆಗಿದ್ದೆ.'

'ರಜಾಕಾರರ ಹಾವಳಿ ಬಹಳ ಭಯಂಕರ ಇತ್ತಂತಲ್ಲ, ಹೇಗಿತ್ತು?'

ಆಯಿ ನನ್ನ ಕೈಯಲ್ಲಿದ್ದ ಹಾಳೆ ನೋಡಿದರು. 'ಭಯಂಕರ ಅಂತ ನೀನೇ ಬರ್ಕೊಂಡು ಬಂದೀದಿ. ಮತ್ತ ನನಗ್ಯಾಕ ಕೇಳ್ತಿ?'

ಇಪ್ಪತ್ತೆರಡು ಪ್ರಶ್ನೆಗಳು ಹದಿನೈದು ನಿಮಿಷಕ್ಕೆ ಮುಗಿದವು. ಸಿಕ್ಕ ಉತ್ತರಗಳು 'ಹೂಂ', 'ಇರಬೇಕು', 'ಚಾ ಕುಡೀತಿ?' ಎಂಬ ಮೂರು. ಮನೆಗೆ ಬಂದು ಧ್ವನಿಮುದ್ರಣ ಕೇಳಿದಾಗ ನಾಚಿಕೆಯಾಯಿತು. ಅದರ ತುಂಬ ನನ್ನದೇ ದನಿ! ಓದಿದ್ದನ್ನು ಆಯಿಯ ಬಾಯಿಂದ ಹೊರಡಿಸಲು ಹೋಗಿದ್ದೆನೇ ಹೊರತು ಆಯಿಯ ಮಾತು ಕೇಳಲು ಹೋಗಿರಲಿಲ್ಲ. ಸಾಲದ್ದಕ್ಕೆ ದಿನಾಂಕ ಹೇಳಿ ಮುದ್ರಿಸುವುದನ್ನೂ ಮರೆತಿದ್ದೆ.

ಎರಡನೆಯ ಸಲ ಹೋದಾಗ ಹಾಳೆ ಒಯ್ಯಲಿಲ್ಲ. ಆಯಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನಾನೂ ಪಕ್ಕದಲ್ಲಿ ಕುಳಿತು ಕಲ್ಲು ಆರಿಸತೊಡಗಿದೆ. 'ಆಗ ಮುಂಜಾನೆ ಎದ್ದ ಕೂಡ್ಲೆ ಏನ್ ಮಾಡ್ತಿದ್ರಿ?' ಎಂದು ಒಂದೇ ಪ್ರಶ್ನೆ ಕೇಳಿದೆ. ಕೈಗೆ ಕೆಲಸವಿದ್ದರೆ ಬಾಯಿಗೆ ಸಂಕೋಚ ಕಡಿಮೆ ಎಂಬುದನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಬಾವಿಯ ಹಗ್ಗದಿಂದ ಆರಂಭವಾದ ಮಾತು ಬೀಸುವ ಕಲ್ಲು, ಜೋಳದ ಹಗೇವು, ಅಣ್ಣ ಕಲಿತ ಉರ್ದು ಶಾಲೆ, ತಾನು ಕಲಿಯದೇ ಹೋದ ಅಕ್ಷರ ಎಲ್ಲ ಸುತ್ತಿಕೊಂಡು ಬಂತು. ನಡುವೆ ಒಂದು ಮಾತು ನನಗೆ ತಿಳಿಯಲಿಲ್ಲ. 'ನಮ್ಮಪ್ಪ ಸೊಲ್ಲಾಪುರದ ಮಿಲ್ಲಿಗಿ ದುಡೀಲಾಕ ಹೋಗಿ ಕಲ್ದಾರ ತರ್ತಿದ್ದ. ಇಲ್ಲಿ ನಡೀತಿದ್ದದ್ದು ಹಾಲಿ.'

ಕಲ್ದಾರ ಎಂದರೇನು, ಹಾಲಿ ಎಂದರೇನು? ಮರುದಿನ ಗ್ರಂಥಾಲಯಕ್ಕೆ ಓಡಿದೆ. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ರೂಪಾಯಿ ಇತ್ತು. ಅದು ಹಾಲಿ ಸಿಕ್ಕಾ. 1918ರಿಂದ ತನ್ನದೇ ಕಾಗದದ ನೋಟನ್ನೂ ಹೊರಡಿಸುತ್ತಿತ್ತು. ಬ್ರಿಟಿಷ್ ಆಡಳಿತದ ರೂಪಾಯಿಗೆ ಜನ ಕರೆಯುತ್ತಿದ್ದ ಹೆಸರು ಕಲ್ದಾರ. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿದ್ದುದರಿಂದ ಅಲ್ಲಿಯ ಸಂಬಳ ಕಲ್ದಾರದಲ್ಲಿ. ಕಲ್ದಾರದ ಬೆಲೆ ಹೆಚ್ಚು. 1950ರಲ್ಲಿ ಏಳು ಹಾಲಿ ರೂಪಾಯಿ ಕೊಟ್ಟರೆ ಆರು ಭಾರತೀಯ ರೂಪಾಯಿ ಎಂದು ದರ ನಿಗದಿಯಾಯಿತು. 1959ರ ಹೊತ್ತಿಗೆ ಹಾಲಿ ಚಲಾವಣೆಯಿಂದಲೇ ಹೋಯಿತು. ಇಷ್ಟು ವರ್ಷ ಪರೀಕ್ಷೆಗೆಂದು ಓದಿದ ನನಗೆ, ಒಬ್ಬ ಮುದುಕಿಯ ಒಂದು ಶಬ್ದಕ್ಕಾಗಿ ಪುಸ್ತಕದ ಪುಟ ತಿರುವಿದ ಆ ಮಧ್ಯಾಹ್ನ ಊಟದ ನೆನಪೂ ಆಗಲಿಲ್ಲ.

ಮತ್ತೆ ಹೋಗಿ 'ಏಳಕ್ಕ ಆರು ಅಲ್ಲೇನ್ರಿ ಆಯಿ?' ಎಂದಾಗ ಅವರ ಮುಖ ಅರಳಿತು. ತನ್ನ ಕಾಲದ ಲೆಕ್ಕ ಬಲ್ಲವಳು ಒಬ್ಬಳು ಸಿಕ್ಕಳಲ್ಲ ಎಂಬ ಸಂತೋಷ! ತರಗತಿ, ಓದು, ಸಂದರ್ಶನ ಮೂರೂ ಒಂದೇ ಹಗ್ಗದ ಎಳೆಗಳು ಎಂದು ಆ ದಿನ ತಿಳಿಯಿತು. ಓದದೆ ಹೋದರೆ ಹೇಳಿದ್ದು ಅರ್ಥವಾಗದು. ಓದಿದ್ದನ್ನೇ ಹಿಡಿದು ಕುಳಿತರೆ ಹೇಳಿದ್ದು ಕೇಳಿಸದು.

ಆ ದಿನವೇ ಆಯಿ, ನಾನು ಕೇಳದೆಯೇ, 1948ರ ಒಂದು ರಾತ್ರಿಯ ಸಂಗತಿ ಹೇಳಿದರು. ಎರಡು ಮನೆಗಳ ಕಥೆ ಅದು. ಹೇಳಿ ಮುಗಿಸಿ ಸೆರಗಿನಿಂದ ಮುಖ ಒರೆಸಿಕೊಂಡು, 'ಇದನ್ನ ಮಾತ್ರ ಬರೀಬ್ಯಾಡವ್ವ. ಅವರ ಮೊಮ್ಮಕ್ಕಳು ಇಲ್ಲೇ ಹರ, ನಮ್ಮವರೂ ಇಲ್ಲೇ ಹರ. ಒಬ್ಬರ ಮನ್ಯಾಗ ಒಬ್ಬರು ಚಾ ಕುಡೀತಾರ' ಎಂದರು.

ಮೊಬೈಲಿನಲ್ಲಿ ಆ ಹನ್ನೊಂದು ನಿಮಿಷ ಇತ್ತು. ಎರಡು ದಿನ ನಿದ್ದೆ ಬರಲಿಲ್ಲ. ಆ ಕಾಲದಲ್ಲಿ ಎಷ್ಟೋ ಸಂಗತಿಗಳು ಹೀಗೆಯೇ ಮುಚ್ಚಿಹೋದವು ಎಂದು ಓದಿದ್ದೆ. ಪಂಡಿತ ಸುಂದರಲಾಲ್ ಸಮಿತಿ 1948ರ ಕೊನೆಯಲ್ಲಿ ಸಂಸ್ಥಾನದಲ್ಲಿ ಸುತ್ತಾಡಿ, ಕಾರ್ಯಾಚರಣೆಯ ನಂತರ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ದಾಖಲಿಸಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಗುಲಬರ್ಗಾವನ್ನೂ ಹೆಸರಿಸಿತು. ಆ ವರದಿ ಜನರ ಕಣ್ಣಿಗೆ ಬೀಳಲು 2013 ಬರಬೇಕಾಯಿತು. ಅದಕ್ಕೂ ಮೊದಲು ರಜಾಕಾರರಿಂದ ನೊಂದವರ ಸಂಕಟವೂ ಸಣ್ಣದಲ್ಲ. ಹಾಗಿರುವಾಗ ನಾನೂ ಮುಚ್ಚಿಡುವುದು ಸರಿಯೆ? ಇನ್ನೊಂದು ಕಡೆ ಗೆಳತಿಯ ಉಪದೇಶ: 'ಹುಚ್ಚಿ, ಅಂಕ ಬೀಳೂದೇ ಅದಕ್ಕ!'

ಕೊನೆಗೆ ಆಯಿಯನ್ನೇ ಕೇಳಿದೆ. 'ನಿನಗ ಹೇಳೀನಲ್ಲ, ನಿನಗ ಗೊತ್ತಿರ್ಲಿ. ಸಾಕು' ಎಂದರು. ಅವರೆದುರಿಗೇ ಆ ಭಾಗವನ್ನು ಅಳಿಸಿದೆ. ಮುಚ್ಚಿಟ್ಟ ಸರಕಾರಿ ಕಾಗದ ಬೇರೆ, ನಂಬಿ ಹೇಳಿದ ಮನೆಯ ಮಾತು ಬೇರೆ. ಕಾಗದ ಎಲ್ಲರ ಸ್ವತ್ತು. ಮಾತು ಆಡಿದವರದು. ನನ್ನ ವರದಿಯಲ್ಲಿ 'ಇಲ್ಲಿ ಹೇಳಿದವರ ಇಚ್ಛೆಯಂತೆ ಒಂದು ಭಾಗವನ್ನು ಬಿಟ್ಟಿದೆ' ಎಂದು ಒಂದು ಸಾಲು ಬರೆದೆ, ಅಷ್ಟೆ. ಇಪ್ಪತ್ತಕ್ಕೆ ಹದಿನಾಲ್ಕು ಬಂತು. ದಿನಾಂಕವಿಲ್ಲದ ಧ್ವನಿಮುದ್ರಣಕ್ಕೆ ಮೇಡಂ ಕೆಂಪು ಗೆರೆ ಎಳೆದಿದ್ದರು. ಆ ಒಂದು ಸಾಲಿನ ಪಕ್ಕದಲ್ಲಿ ಮಾತ್ರ ಸಣ್ಣದೊಂದು ಸರಿ ಗುರುತು ಇತ್ತು.

ಹದಿನಾಲ್ಕು ಅಂಕದ ಸುದ್ದಿ ಕೇಳಿ ಅಪ್ಪ ಏನೂ ಅನ್ನಲಿಲ್ಲ. ರಾತ್ರಿ ಊಟವಾದ ಮೇಲೆ, ಇಷ್ಟು ವರ್ಷ ಹೇಳದಿದ್ದ ಒಂದು ಮಾತು ಹೇಳಿದರು. 1996ರಲ್ಲಿ ಅವರು ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ರಾತ್ರಿಯೆಲ್ಲ ನಿಂತು ಬೆಂಗಳೂರಿಗೆ ಒಂದು ಸಂದರ್ಶನಕ್ಕೆ ಹೋಗಿದ್ದರಂತೆ. ಮೇಜಿನ ಆಚೆ ಇದ್ದವರು ಕೇಳಿದ್ದು ಒಂದೇ ಪ್ರಶ್ನೆ, ಇಂಗ್ಲಿಷಿನಲ್ಲಿ: ನಿಮ್ಮ ಊರಿನ ಬಗ್ಗೆ ಹೇಳಿ. 'ಎಲ್ಲಾ ಗೊತ್ತಿತ್ತು. ಇಂಗ್ಲಿಷಿನಾಗ ನಾಲಿಗಿ ಹೊರಳಲಿಲ್ಲ. ಎರಡು ನಿಮಿಷ ಸುಮ್ಮ ಕೂತೆ. ನೆಕ್ಸ್ಟ್ ಅಂದ್ರು.'

ಆ ಬೆಳಿಗ್ಗೆ ಅಂಕಪಟ್ಟಿಗಳನ್ನು ಫೈಲಿಗೆ ಸೇರಿಸುವಾಗ ಅಪ್ಪನ ಕೈ ಏಕೆ ಅಷ್ಟು ಅವಸರಪಡುತ್ತಿತ್ತು ಎಂದು ನನಗೆ ಆಗ ಗೊತ್ತಾಯಿತು. ಇಪ್ಪತ್ತು ವರ್ಷ ಒಂದೇ ಸೂರಿನಡಿ ಬದುಕಿ, ನಾನು ಅವರಿಗೆ ಕೇಳಿದ ಪ್ರಶ್ನೆಗಳೆಲ್ಲ ಫೀಸಿಗೆ ಮತ್ತು ಬಸ್ ಚಾರ್ಜಿಗೆ ಸಂಬಂಧಿಸಿದ್ದು.

ಹಾಸಿಗೆ ಹಾಸುತ್ತಿದ್ದ ಅವ್ವನನ್ನೂ ಕರೆದು ಕೂಡಿಸಿದೆ. ಮೊಬೈಲನ್ನು ಒಳಗಿಟ್ಟು ಬಂದೆ. 'ಅಪ್ಪಾ, ಈಗ ಹೇಳು. ನಿನ್ನ ಊರಿನ ಬಗ್ಗೆ ಹೇಳು' ಎಂದೆ.

ಕಮಲಾಪುರದ ಕೆಂಪು ಬಾಳೆಯ ತೋಟದಿಂದ ಆರಂಭವಾದ ಮಾತು ಹನ್ನೊಂದು ಗಂಟೆ ದಾಟಿತು. ನಡುವೆ ಅಪ್ಪ ಎರಡು ಸಲ ಮಾತು ನಿಲ್ಲಿಸಿ ಸುಮ್ಮನೆ ಕುಳಿತರು. ನಾನೂ ಸುಮ್ಮನೆ ಕುಳಿತೆ.