ಕಡತದ ಹಾದಿಯೂ ಸಂಶೋಧನೆಯ ಆಕರಶುದ್ಧಿಯೂ

ಹಸ್ತಪ್ರತಿಗಳನ್ನಾಧರಿಸಿ ಕೆಲಸ ಮಾಡುವ ವಿದ್ವಾಂಸರು ಓಲೆಯ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಗರಿಯ ಮಗ್ಗುಲು ಇವನ್ನು ತಪ್ಪದೆ ನಮೂದಿಸುತ್ತಾರೆ. ಮತ್ತೊಬ್ಬ ವಿದ್ವಾಂಸ ಅದೇ ಆಕರವನ್ನು ತಲುಪಿ ಪಾಠವನ್ನು ಪರಿಶೀಲಿಸಲು ಸಾಧ್ಯವಾಗಬೇಕೆಂಬುದೇ ಇದರ ಉದ್ದೇಶ. ಇಂದು ಕನ್ನಡ ಅಧ್ಯಯನದ ಪಠ್ಯಗಳು ಹೆಚ್ಚು ಹೆಚ್ಚಾಗಿ ಗಣಕದ ಕಡತಗಳ ರೂಪದಲ್ಲಿವೆ. ಆ ಕಡತವನ್ನು ತಲುಪಿಸುವ ವಿಳಾಸಕ್ಕೆ ಫೈಲ್ ಪಾತ್, ಅಂದರೆ ಕಡತದ ಹಾದಿ, ಎಂದು ಹೆಸರು. ಈ ಹಾದಿಯನ್ನು ಬರೆಯುವ ಕ್ರಮ ಎಲ್ಲ ಗಣಕಗಳಲ್ಲಿ ಒಂದೇ ಆಗಿಲ್ಲ. ಈ ವ್ಯತ್ಯಾಸ ತಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ್ದೆಂದು ಮಾನವಿಕ ವಿಭಾಗಗಳು ಉದಾಸೀನ ತೋರುತ್ತಿರುವುದು ಸರಿಯಲ್ಲ.

ವ್ಯತ್ಯಾಸದ ಮೂಲ ಚಾರಿತ್ರಿಕವಾದುದು. 1969ರಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರಿಂದ ರೂಪುಗೊಳ್ಳತೊಡಗಿದ ಯೂನಿಕ್ಸ್‌ನಲ್ಲಿ ಎಲ್ಲ ಕಡತಗಳೂ ಒಂದೇ ಬೇರಿನಿಂದ ಕವಲೊಡೆಯುತ್ತವೆ. ಕವಲುಗಳ ನಡುವಿನ ಗುರುತು ಓರೆಗೆರೆ (/). ಲಿನಕ್ಸ್ ಈ ಪರಂಪರೆಗೆ ಸೇರಿದೆ. ಮೈಕ್ರೋಸಾಫ್ಟ್‌ನ ಡಾಸ್ ವ್ಯವಸ್ಥೆಗೆ 1981ರ ಮೊದಲ ಆವೃತ್ತಿಯಲ್ಲಿ ಕವಲುಗಳೇ ಇರಲಿಲ್ಲ. 1983ರ ಎರಡನೆಯ ಆವೃತ್ತಿಯಲ್ಲಿ ಅವು ಬಂದಾಗ, ಓರೆಗೆರೆಯು ಆಜ್ಞೆಗಳ ಆಯ್ಕೆಯನ್ನು ಸೂಚಿಸಲು ಈಗಾಗಲೇ ಬಳಕೆಯಲ್ಲಿದ್ದ ಕಾರಣ ಹಿಮ್ಮುಖ ಓರೆಗೆರೆಯನ್ನು (\) ಆರಿಸಿಕೊಳ್ಳಬೇಕಾಯಿತು. ಸಿ, ಡಿ ಎಂಬ ಡ್ರೈವ್ ಅಕ್ಷರಗಳೂ ಸಿಪಿ/ಎಂ ಎಂಬ ಇನ್ನೂ ಹಳೆಯ ವ್ಯವಸ್ಥೆಯ ಬಳುವಳಿ. ವಿಂಡೋಸ್ ಇವೆರಡನ್ನೂ ಉಳಿಸಿಕೊಂಡಿತು. ಮ್ಯಾಕಿಂಟಾಷ್‌ನ ಹಳೆಯ ವ್ಯವಸ್ಥೆ ವಿವರಣ ಚಿಹ್ನೆಯನ್ನು (:) ಬಳಸುತ್ತಿದ್ದು, 2001ರ ಬಳಿಕ ಅದೂ ಯೂನಿಕ್ಸ್ ತಳಹದಿಗೆ ಬಂದಿತು. ಹೀಗೆ ಒಂದು ಹಾದಿಯೇ ಶ್ರೇಷ್ಠ, ಇನ್ನೊಂದು ಕನಿಷ್ಠ ಎಂಬ ವಾದಕ್ಕೆ ಆಧಾರವಿಲ್ಲ. ತನ್ನ ಯಂತ್ರದ ರೂಢಿಯೇ ಸಾರ್ವತ್ರಿಕವೆಂಬ ಭಾವನೆಯೇ ತೊಡಕಿಗೆ ಕಾರಣ.

ತೊಡಕಿನ ಸ್ವರೂಪವನ್ನು ನಿದರ್ಶನದಿಂದ ತಿಳಿಯಬಹುದು. ಸಿ, ಪೈಥಾನ್ ಮೊದಲಾದ ಕ್ರಮವಿಧಿ ಭಾಷೆಗಳಲ್ಲಿ ಹಿಮ್ಮುಖ ಓರೆಗೆರೆಗೆ ಬೇರೆ ಅರ್ಥವೂ ಇದೆ. ಅದು ತನ್ನ ಮುಂದಿನ ಕೆಲವು ರೋಮನ್ ಅಕ್ಷರಗಳೊಡನೆ ಸೇರಿ ವಿಶೇಷ ಸಂಕೇತವಾಗುತ್ತದೆ. ನುಡಿ, ತತ್ಸಮ, ವಚನ, ಬಸವ ಎಂಬ ಹೆಸರುಗಳನ್ನು ರೋಮನ್ ಸಣ್ಣಕ್ಷರಗಳಲ್ಲಿ ಬರೆದು ಅವುಗಳ ಮುಂದೆ ಆ ಗೆರೆಯನ್ನಿಟ್ಟರೆ ಮೊದಲ ಅಕ್ಷರಗಳು ಕ್ರಮವಾಗಿ ಹೊಸ ಸಾಲು, ಟ್ಯಾಬ್, ಲಂಬ ಟ್ಯಾಬ್ ಮತ್ತು ಹಿಂಜರಿತದ ಸಂಕೇತಗಳಾಗಿ ಮಾರ್ಪಡುತ್ತವೆ. ಆಗ 'ನುಡಿ'ಯಲ್ಲಿ ಉಳಿಯುವುದು 'ಉಡಿ' ಮಾತ್ರ. ಇನ್ನು ಯೂನಿಕ್ಸ್ ಮಾದರಿಯ ಗಣಕಗಳಲ್ಲಿ ಹಿಮ್ಮುಖ ಓರೆಗೆರೆಯು ಹೆಸರಿನ ಒಂದು ಸಾಮಾನ್ಯ ಅಕ್ಷರ. 'ಫಲಿತ\ಪದಸೂಚಿ' ಎಂದು ವಿಂಡೋಸ್ ರೀತಿಯಲ್ಲಿ ಬರೆದ ಹಾದಿ ಅಲ್ಲಿ ಕವಲಾಗದೆ, ಅದೇ ವಿಚಿತ್ರ ಹೆಸರಿನ ಒಂದೇ ಕಡತವಾಗಿ ಸೃಷ್ಟಿಯಾಗುತ್ತದೆ. ಯಾವ ದೋಷಸೂಚನೆಯೂ ಬರುವುದಿಲ್ಲ.

ಕನ್ನಡ ಲಿಪಿಯಲ್ಲಿಯೇ ಹೆಸರಿಟ್ಟರೆ ಪರಿಸ್ಥಿತಿ ಮತ್ತಷ್ಟು ಕುತೂಹಲಕಾರಿಯಾಗಿದೆ. ಥಾಂಪ್ಸನ್ ಮತ್ತು ರಾಬ್ ಪೈಕ್ 1992ರಲ್ಲಿ ರೂಪಿಸಿದ ಯುಟಿಎಫ್-8 ಸಂಕೇತಕ್ರಮದಲ್ಲಿ ಓರೆಗೆರೆಯ ಬೈಟ್ ಅನ್ಯ ಲಿಪಿಯ ಯಾವ ಅಕ್ಷರದ ಒಳಗೂ ಬಾರದಂತೆ ಎಚ್ಚರ ವಹಿಸಲಾಗಿದೆ. ಆದುದರಿಂದಲೇ ಕನ್ನಡದ ಹೆಸರುಗಳು ಯೂನಿಕ್ಸ್ ಹಾದಿಯಲ್ಲಿ ಒಡೆಯದೆ ಉಳಿಯುತ್ತವೆ. ಲಿನಕ್ಸ್ ದೊಡ್ಡಕ್ಷರ ಸಣ್ಣಕ್ಷರಗಳನ್ನು ಬೇರೆಯಾಗಿ ಎಣಿಸುತ್ತದೆ, ವಿಂಡೋಸ್ ಸಾಮಾನ್ಯವಾಗಿ ಎಣಿಸುವುದಿಲ್ಲ. ಆ ಭೇದವೇ ಇಲ್ಲದ ಕನ್ನಡಕ್ಕೆ ಈ ತೊಂದರೆಯೂ ಇಲ್ಲ. ಆದರೆ ಬೇರೆ ತೊಂದರೆಗಳಿವೆ. 'ಕೋಶ' ಎಂಬಲ್ಲಿನ ಓಕಾರದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಸಿದ ಮೂರು ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕ್‌ನಲ್ಲಿ 2017ರ ಮುನ್ನ ರೂಢಿಯಲ್ಲಿದ್ದ ಕಡತವ್ಯವಸ್ಥೆ ಹೆಸರುಗಳನ್ನು ಬಿಡಿಸಿಯೇ ಇರಿಸುತ್ತಿತ್ತು. ಅಲ್ಲಿಂದ ಅದೇ ರೂಪದಲ್ಲಿ ಲಿನಕ್ಸಿಗೆ ಬಂದ 'ಕೋಶ' ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ. ಉದ್ದದ ಮಿತಿಯೂ ಹೀಗೆಯೇ. ಲಿನಕ್ಸಿನಲ್ಲಿ ಹೆಸರಿನ ಮಿತಿ 255 ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ 6 ಸಂಕೇತ, 18 ಬೈಟ್ ಬೇಕು. ವಿಂಡೋಸ್‌ನಲ್ಲಿ ಹಿಡಿಸಿದ ಪ್ರಬಂಧದ ದೀರ್ಘ ಶೀರ್ಷಿಕೆ 85 ಸಂಕೇತಗಳನ್ನು ಮೀರಿದರೆ ಲಿನಕ್ಸಿನಲ್ಲಿ ಹಿಡಿಸದು.

ಇದರಿಂದ ವಿದ್ವತ್ತಿಗೆ ಆಗುವ ಹಾನಿ ಯಾವುದು? ಒಂದು ಪದ ಇಂಥ ಕವಿಯಲ್ಲಿ, ಇಂಥ ಶತಮಾನದಲ್ಲಿ ಪ್ರಯೋಗವಾಗಿಲ್ಲ ಎಂಬ ನಿಷೇಧರೂಪದ ಹೇಳಿಕೆ ಭಾಷಾಚರಿತ್ರೆಯಲ್ಲಿ ಬಹಳ ತೂಕದ್ದು. ನೂರು ಕಡತಗಳಲ್ಲಿ ಹತ್ತನ್ನು ಗಣಕವು ಹಾದಿಯ ದೋಷದಿಂದ ಕಾಣದೆ ಮುಂದುವರಿದರೂ ಪದಸೂಚಿ ಸಿದ್ಧವಾಗುತ್ತದೆ. 'ಇಲ್ಲ' ಎಂಬ ತೀರ್ಮಾನವೂ ಹೊರಬೀಳುತ್ತದೆ. ಗರಿ ಕಳೆದುಹೋದ ಓಲೆಕಟ್ಟಿನಲ್ಲಿ ಲೋಪವು ಕಣ್ಣಿಗೆ ಕಾಣುತ್ತದೆ. ಇಲ್ಲಿ ಅದು ಕಾಣುವುದೇ ಇಲ್ಲ.

ಕನ್ನಡ ಹೆಸರುಗಳನ್ನೇ ಬಿಟ್ಟು ರೋಮನ್ ಹೆಸರುಗಳನ್ನು ಬಳಸಿದರೆ ಸಾಕೆಂಬುದು ಕೆಲವರ ವಾದ. ನುಡಿ 'ಉಡಿ'ಯಾದುದು ರೋಮನ್ ಹೆಸರಿನಲ್ಲಿಯೇ ಎಂಬುದನ್ನು ಅವರು ಗಮನಿಸಬೇಕು. ಇಂದಿನ ತಂತ್ರಾಂಶಗಳು ಹಾದಿಯನ್ನೇ ಮರೆಮಾಡಿರುವುದರಿಂದ ಚಿಂತೆ ಅನಗತ್ಯವೆಂಬುದು ಇನ್ನೊಂದು ವಾದ. ಓದುಗನಿಗೆ ಆ ಮರೆ ಅನುಕೂಲ. ಆಕರಕ್ಕೆ ಉತ್ತರದಾಯಿಯಾದ ಸಂಶೋಧಕನಿಗೆ ಅಲ್ಲ.

ಪರಿಹಾರ ಕಷ್ಟಸಾಧ್ಯವೇನಲ್ಲ. ಹಾದಿಯನ್ನು ಡ್ರೈವ್ ಅಕ್ಷರದಿಂದ ಆರಂಭಿಸದೆ ಯೋಜನೆಯ ಮೂಲಕೋಶಕ್ಕೆ ಸಾಪೇಕ್ಷವಾಗಿ ಬರೆಯಬೇಕು. ವಿಂಡೋಸ್ ಕೂಡ ಬಹುಮಟ್ಟಿಗೆ ಮುಮ್ಮುಖ ಓರೆಗೆರೆಯನ್ನು ಸ್ವೀಕರಿಸುವುದರಿಂದ ಅದನ್ನೇ ಬಳಸಬೇಕು. ಹಾದಿಯ ಭಾಗಗಳನ್ನು ಕೈಯಿಂದ ಜೋಡಿಸದೆ ಭಾಷೆಯೇ ಒದಗಿಸುವ ಸಾಧನಕ್ಕೆ ಒಪ್ಪಿಸಬೇಕು. ಪೈಥಾನ್‌ನಲ್ಲಿ 2014ರಿಂದ ಪಾತ್‌ಲಿಬ್ ಎಂಬುದು ಇದಕ್ಕೆಂದೇ ಇದೆ. ಕನ್ನಡ ಹೆಸರುಗಳು ಚಿಕ್ಕವಾಗಿದ್ದು ಒಂದೇ ಸಂಕೇತರೂಪದಲ್ಲಿರಬೇಕು. ಪೂರ್ಣ ಶೀರ್ಷಿಕೆಯನ್ನು ಪ್ರತ್ಯೇಕ ಸೂಚಿಯಲ್ಲಿ ದಾಖಲಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಓದಬೇಕಾದ ಕಡತಗಳೆಷ್ಟು, ಗಣಕ ಓದಿದವೆಷ್ಟು ಎಂಬ ಲೆಕ್ಕವನ್ನು ಪ್ರತಿ ಫಲಿತದೊಡನೆ ಕೊಡಬೇಕು.

ಗ್ರಂಥಸಂಪಾದನೆಯನ್ನು ಬೋಧಿಸುವ ವಿಭಾಗಗಳು ಪಿಎಚ್.ಡಿ. ಪೂರ್ವ ತರಬೇತಿಯಲ್ಲಿ ಇದಕ್ಕಾಗಿ ಎರಡು ತರಗತಿಗಳನ್ನು ಮೀಸಲಿಟ್ಟರೂ ಸಾಕು. ಗರಿಯ ಮಗ್ಗುಲನ್ನು ನಮೂದಿಸುವ ಶಿಸ್ತು ಇರುವಲ್ಲಿ ಕಡತದ ಹಾದಿಯನ್ನು ನೇರ್ಪಡಿಸುವ ಶಿಸ್ತು ಹೊಸದಾಗಿ ಕಲಿಯಬೇಕಾದುದಲ್ಲ, ಮುಂದುವರಿಸಬೇಕಾದುದು.