ನಿಮ್ಮ ಕಂಪ್ಯೂಟರಿನಲ್ಲಿ ಮೊದಲು ಏಳುವವರು ಯಾರು?

ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ಕನ್ನಡ ಯುವಕ ಯುವತಿಯರೇ, ಒಂದು ಪ್ರಶ್ನೆ ಕೇಳುತ್ತೇನೆ. ಸಿಟ್ಟಾಗಬೇಡಿ. ಕಂಪ್ಯೂಟರಿನ ಗುಂಡಿ ಒತ್ತಿದ ಮೇಲೆ ನೀವು ಏನು ಮಾಡುತ್ತೀರಿ? ಎದ್ದು ಹೋಗಿ ಕಾಫಿ ಕಾಸಿಕೊಂಡು ಬರುತ್ತೀರಿ. ಕಾಫಿ ಮುಗಿದರೂ ಅದು ಇನ್ನೂ ಏಳುತ್ತಲೇ ಇರುತ್ತದೆ. ಆಗ "ಹಳೇದಾಯ್ತು, ಹೊಸದು ತಗೋಬೇಕು" ಅನ್ನುತ್ತೀರಿ. ಕೊಂಡು ಮೂರು ವರ್ಷವೂ ಆಗಿರುವುದಿಲ್ಲ!

ನಾನೂ ಹಾಗೇ ಅನ್ನುತ್ತಿದ್ದವನು. ನನ್ನ ಕಣ್ಣು ತೆರೆದದ್ದು ಬೆಂಗಳೂರಿನ ಯಾವ ಎಸಿ ಕೋಣೆಯಲ್ಲೂ ಅಲ್ಲ, ಜಿನನಾಥಪುರದ ಒಂದು ಜಗಲಿಯ ಮೇಲೆ.

ಚನ್ನರಾಯಪಟ್ಟಣ ತಾಲ್ಲೂಕಿನ ಊರು ಅದು. ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟ ಹತ್ತಿ, ಗೊಮ್ಮಟನಿಗೆ ಕೈಮುಗಿದು, ಎಳನೀರು ಕುಡಿದು ಬಸ್ಸು ಹತ್ತುತ್ತಾರೆ. ಚಿಕ್ಕಬೆಟ್ಟದ ಆಚೆ ಬದಿಗೆ ಒಂದು ಕಿಲೋಮೀಟರು ನಡೆದರೆ ಸಿಗುವ ಈ ಊರನ್ನು ನೋಡುವವರು ಕಡಿಮೆ. ವಿಷ್ಣುವರ್ಧನನ ದಂಡನಾಯಕ ಗಂಗರಾಜ 12ನೆಯ ಶತಮಾನದಲ್ಲಿ ಕಟ್ಟಿಸಿದ ಊರು. ನನ್ನ ಅಕ್ಕನನ್ನು ಕೊಟ್ಟಿರುವುದು ಅಲ್ಲಿಗೇ. ಅಕ್ಕನ ಮಗಳು ಬಿ.ಕಾಂ. ಕೊನೆಯ ವರ್ಷ. ಅವಳ ಲ್ಯಾಪ್‌ಟಾಪು ಏಳುವುದಕ್ಕೆ ಆರು ನಿಮಿಷ. ನಾನೇ ಗಡಿಯಾರ ಹಿಡಿದು ನೋಡಿದೆ.

"ಪೇಟೆ ಅಂಗಡಿಗೆ ಒಂದ್ಸಲ ಕೊಟ್ಟಿದ್ದೆ ಮಾವ. ವಿಂಡೋಸ್ ಕೆಟ್ಟಿದೆ, ಫಾರ್ಮ್ಯಾಟ್ ಹೊಡೀಬೇಕು ಅಂದ್ರು. ಎಂಟುನೂರು ರೂಪಾಯಿ ತಗೊಂಡ್ರು. ನನ್ನ ಪ್ರಾಜೆಕ್ಟೂ ಹೋಯ್ತು, ಅಜ್ಜಿ ಫೋಟೋಗಳೂ ಹೋದ್ವು. ಮೂರು ತಿಂಗಳಿಗೆ ಮತ್ತೆ ಹಿಂಗೇ ಆಯ್ತು."

ತೀರಿಹೋದ ಅಜ್ಜಿಯ ಫೋಟೋಗಳು! ಎಂಟುನೂರು ರೂಪಾಯಿ ಕೊಟ್ಟು ಕಳೆದುಕೊಂಡದ್ದು!

ಮೂರು ಕೀಲಿ ಒತ್ತಿ ನೋಡಿ

ಕಂಟ್ರೋಲ್, ಶಿಫ್ಟ್, ಎಸ್ಕೇಪ್. ಈ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಸ್ಟಾರ್ಟಪ್ ಎಂಬ ಪುಟವಿದೆ. ವಿಂಡೋಸ್ 11ರಲ್ಲಿ ಎಡಗಡೆಯ ಪಟ್ಟಿಯಲ್ಲಿ ಸ್ಟಾರ್ಟಪ್ ಆಪ್ಸ್ ಅಂತ ಇರುತ್ತದೆ. ದುಡ್ಡು ಕೊಟ್ಟು ಕೊಳ್ಳಬೇಕಿಲ್ಲ, ಎಲ್ಲಿಂದಲೋ ಇಳಿಸಿಕೊಳ್ಳಬೇಕಿಲ್ಲ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ಅಲ್ಲೇ ಕುಳಿತಿದೆ. ನಾವು ನೋಡಿಲ್ಲ, ಅಷ್ಟೆ.

ತೆರೆದೆ. ಹದಿನೇಳು ಹೆಸರು! ಲ್ಯಾಪ್‌ಟಾಪ್ ಕಂಪನಿಯದ್ದೇ ನಾಲ್ಕು. ಮನೆಯಲ್ಲಿ ಪ್ರಿಂಟರೇ ಇಲ್ಲ, ಪ್ರಿಂಟರಿನವರದೊಂದು. ಅವಳು ಒಮ್ಮೆಯೂ ಆಡದ ಆಟದ ಅಂಗಡಿ ಒಂದು. ಮೀಟಿಂಗಿನ ಆಪ್ ಎರಡು. ಬರೀ ತನ್ನನ್ನು ತಾನು ಹೊಸದು ಮಾಡಿಕೊಳ್ಳುವುದಕ್ಕೆಂದೇ ದಿನಾ ಏಳುವ ಆಪ್‌ಗಳು ಮೂರು.

"ಇವರೆಲ್ಲಾ ಯಾರು ಮಾವ?"

"ನಿನ್ನ ಮನೇಲಿ ಬಂದು ಕೂತಿರೋರು."

"ಬಾಡಿಗೆ ಕೊಡ್ತಾರಾ?"

ಎಲ್ಲಿಯ ಬಾಡಿಗೆ? ಅವಳ ಕರೆಂಟು, ಅವಳ ಡೇಟಾ, ಅವಳ ಬೆಳಗಿನ ಆರು ನಿಮಿಷ, ಎಲ್ಲವನ್ನೂ ಉಂಡು ಮಲಗುವ ಅತಿಥಿಗಳು. ಒಬ್ಬೊಬ್ಬರ ಮೇಲೂ ಬಲಗಡೆ ಗುಂಡಿ ಒತ್ತಿ "ಡಿಸೇಬಲ್" ಎಂದು ಅವಳ ಕೈಯಲ್ಲೇ ಮಾಡಿಸಿದೆ. ಗಮನಿಸಿ, ಇದು ಅಳಿಸುವುದಲ್ಲ. ಆಪ್ ಇರುತ್ತದೆ. ಕರೆದಾಗ ಬರುತ್ತದೆ, ಕರೆಯದೆ ಬರುವುದಿಲ್ಲ. ಆ ಪುಟದಲ್ಲಿ ಪ್ರತಿ ಹೆಸರಿನ ಎದುರು ಅದು ಎಷ್ಟು ಹೊರೆ ಎಂದೂ ಬರೆದಿರುತ್ತದೆ. ಏಳುವಾಗ ಪ್ರೊಸೆಸರಿನ ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತನ್ನೋ ಡಿಸ್ಕಿನ 3 ಎಂಬಿಗಿಂತ ಹೆಚ್ಚು ಓಡಾಟವನ್ನೋ ತಿನ್ನುವುದಕ್ಕೆ "ಹೈ" ಎಂಬ ಬಿರುದು. ಬಿರುದು ಹೊತ್ತವರನ್ನು ಮೊದಲು ವಿಚಾರಿಸಿ. ವೈರಸ್ ಕಾಯುವುದನ್ನು, ಟಚ್‌ಪ್ಯಾಡು, ಸೌಂಡಿನ ಸಹಾಯಕರನ್ನು ಮುಟ್ಟಬೇಡಿ. ಯಾರೆಂದು ಗೊತ್ತಾಗದವರ ಹೆಸರನ್ನು ಹುಡುಕಿ ನೋಡಿ, ಆಮೇಲೆ ಕೈ ಹಾಕಿ.

ಆರು ನಿಮಿಷ ಎರಡಕ್ಕಿಳಿಯಿತು. ಇನ್ನೂ ಇಳಿಯಲಿಲ್ಲ ಏಕೆ? ಒಳಗಿದ್ದದ್ದು ತಿರುಗುವ ಹಳೆಯ ಬಗೆಯ ಹಾರ್ಡ್ ಡಿಸ್ಕು. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಸೆಕೆಂಡುಗಳ ಮಾತು. ಆ ಖರ್ಚಿಗೆ ಅರ್ಥವಿದೆ. ಫಾರ್ಮ್ಯಾಟಿಗೆ ಕೊಟ್ಟದ್ದು ದಂಡ.

ಅಂದು ಸಂಜೆ ಊರೊಳಗಿನ ಶಾಂತಿನಾಥ ಬಸದಿಗೆ ಹೋದೆವು. ವೀರಬಲ್ಲಾಳನ ದಂಡನಾಯಕ ರೇಚಿಮಯ್ಯ 1200ರ ಸುಮಾರಿಗೆ ಕಟ್ಟಿಸಿದ್ದು. ಹೊರಗೋಡೆಯ ತುಂಬಾ ಜಿನರು, ಯಕ್ಷಿಯರು, ಕುಣಿಯುವವರು. ಒಳಗಿನ ಮೂರ್ತಿಯ ಪೀಠದ ಮೇಲೆ ಒಂದು ಶಾಸನವಿದೆ. ಕಟ್ಟಿಸಿದವನು ಯಾರು, ಕಟ್ಟಿಸಿ ಯಾವ ಗುರುವಿನ ವಶಕ್ಕೆ ಒಪ್ಪಿಸಿದ, ಎರಡನ್ನೂ ಅದು ಹೇಳುತ್ತದೆ. ಎಂಟುನೂರು ವರ್ಷದ ಹಿಂದಿನವರಿಗೆ ಈ ಎರಡನೆಯ ಮಾತೂ ಮುಖ್ಯ ಎಂದು ಗೊತ್ತಿತ್ತು. ನಮ್ಮ ಸ್ಟಾರ್ಟಪ್ ಪಟ್ಟಿಯಲ್ಲಿ "ಪಬ್ಲಿಷರ್" ಎಂಬ ಸಾಲಿದೆ, ಮಾಡಿದವನ ಹೆಸರಿದೆ. ಒಪ್ಪಿಸಿಕೊಂಡವರು ಯಾರು? ನೀವು ಸಹಿ ಹಾಕಿದ್ದಿರಾ? ಹಾಕಿದ್ದೀರಿ! ಆಪ್ ಹಾಕಿಕೊಳ್ಳುವಾಗ ಓದದೆ ನೆಕ್ಸ್ಟ್, ನೆಕ್ಸ್ಟ್, ಐ ಅಗ್ರೀ ಒತ್ತಿದ್ದೀರಲ್ಲ, ಅದೇ ಸಹಿ.

ಎಂಎಸ್‌ಕಾನ್ಫಿಗ್: ಎಚ್ಚರ!

ಇದರ ಅಣ್ಣ ಒಬ್ಬನಿದ್ದಾನೆ. ವಿಂಡೋಸ್ ಕೀಲಿ ಮತ್ತು ಆರ್ ಒತ್ತಿ msconfig ಎಂದು ಇಂಗ್ಲಿಷಿನಲ್ಲೇ ಹೊಡೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಹೌದು, ಎಮ್, ಎಸ್, ಸಿ, ಓ, ಎನ್, ಎಫ್, ಐ, ಜಿ. ಹಳೆಯ ವಿಂಡೋಸ್‌ಗಳಲ್ಲಿ ಸ್ಟಾರ್ಟಪ್ ಪಟ್ಟಿ ಇದ್ದದ್ದೇ ಇಲ್ಲಿ. ಈಗ ಇಲ್ಲಿ ಉಳಿದಿರುವುದು ಬೂಟ್ ಮತ್ತು ಸರ್ವಿಸಸ್.

ಇಲ್ಲಿ ಅರ್ಧಜ್ಞಾನದ ಪಂಡಿತರು ನಿಮ್ಮನ್ನು ಹಳ್ಳಕ್ಕೆ ತಳ್ಳುತ್ತಾರೆ. "ಅಡ್ವಾನ್ಸ್ಡ್‌ಗೆ ಹೋಗು, ಪ್ರೊಸೆಸರ್ ಸಂಖ್ಯೆಗೆ ಟಿಕ್ ಹಾಕು, ಎಲ್ಲಕ್ಕಿಂತ ದೊಡ್ಡ ಅಂಕಿ ಆರಿಸು, ರಾಕೆಟ್ಟಾಗುತ್ತೆ" ಎಂದು ವಿಡಿಯೋದಲ್ಲಿ ಕೂಗುತ್ತಾರೆ. ಶುದ್ಧ ಸುಳ್ಳು. ಆ ಟಿಕ್ ಇರುವುದು ಯಂತ್ರವನ್ನು ಕಡಿಮೆ ಪ್ರೊಸೆಸರಿಗೆ ಕಟ್ಟಿಹಾಕಿ ಪರೀಕ್ಷೆ ಮಾಡುವವರಿಗೆ. ಟಿಕ್ ಇಲ್ಲದಿದ್ದರೆ ಅದು ತಾನಾಗಿ ಎಲ್ಲವನ್ನೂ ಬಳಸುತ್ತದೆ. ಮೆಮೊರಿಯ ಟಿಕ್ಕೂ ಅಷ್ಟೇ. ಮುಟ್ಟಬೇಡಿ.

ಸೇಫ್ ಬೂಟ್ ಬೇರೆ. ಯಂತ್ರ ಏಳದೆ ಹಠ ಹಿಡಿದಾಗ ಕನಿಷ್ಠ ಸಾಮಾನಿನಲ್ಲಿ ಎಬ್ಬಿಸಿ ನೋಡುವುದಕ್ಕೆ ಅದು ಬೇಕು. ಆದರೆ ಇಲ್ಲಿ ಟಿಕ್ ಹಾಕಿದರೆ, ಮತ್ತೆ ಬಂದು ತೆಗೆಯುವವರೆಗೂ ಪ್ರತಿ ಸಲ ಸೇಫ್ ಮೋಡಿನಲ್ಲೇ ಏಳುತ್ತದೆ. ಟಿಕ್ ತೆಗೆಯಲು ಮರೆತು, "ಕೆಟ್ಟುಹೋಯಿತು" ಎಂದು ಅಂಗಡಿಗೆ ಹೊತ್ತುಕೊಂಡು ಹೋದವರುಂಟು. ಸರ್ವಿಸಸ್ ಪುಟಕ್ಕೆ ಹೋದರೆ, ಮೊದಲು ಮೈಕ್ರೋಸಾಫ್ಟಿನವುಗಳನ್ನು ಮರೆಮಾಡುವ ಟಿಕ್ ಹಾಕಿ, ಉಳಿದವನ್ನಷ್ಟೇ ನೋಡಿ. ಇನ್ನು ಬಯಾಸಿಗೆ ಇಳಿದು ಬೂಟಿನ ಸರದಿ ಬದಲಿಸುವ ಮುನ್ನ, ಡಿಸ್ಕಿಗೆ ಬಿಟ್‌ಲಾಕರ್ ಬೀಗ ಇದೆಯೇ ನೋಡಿ. ಇದ್ದರೆ ಅದರ 48 ಅಂಕಿಯ ಕೀಲಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಅದು ಕೇಳಿದಾಗ ನಿಮ್ಮ ಬಳಿ ಇಲ್ಲದಿದ್ದರೆ ಬಾಗಿಲು ತೆರೆಯುವುದಿಲ್ಲ.

ಮತ್ತೊಂದು ಮೋಜು. ದಿನಾ ರಾತ್ರಿ ಶಟ್‌ಡೌನ್ ಮಾಡಿ ಮಲಗುತ್ತೀರಲ್ಲ, ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಅಪ್ ಟೈಮ್ ನೋಡಿ. ಹತ್ತು ದಿನ, ಹದಿನೈದು ದಿನ ತೋರಿಸಬಹುದು! ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಶಟ್‌ಡೌನ್‌ನಲ್ಲಿ ಯಂತ್ರವನ್ನು ಪೂರ್ತಿ ಮಲಗಿಸುವುದಿಲ್ಲ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ. ಅದು ನಿಜವಾದ ನಿದ್ದೆ.

ಮೊದಲ ತೆರೆ ಯಾವ ಭಾಷೆಯದು?

ಇಷ್ಟು ಸುಲಭವಾದದ್ದು ನಮ್ಮ ಹುಡುಗರಿಗೆ ಏಕೆ ತಿಳಿದಿಲ್ಲ? ಬುದ್ಧಿ ಇಲ್ಲವೇ? ಇದೆ. ಎದುರಿಗೆ ಬಂದ ಇಂಗ್ಲಿಷು ಕಂಡು ಹೆದರಿದ್ದಾರೆ. "ಡಿಸೇಬಲ್" ಎಂದರೆ ಏನು ಮುರಿದುಹೋಗುತ್ತದೋ ಎಂದು ನನ್ನ ಅಕ್ಕನ ಮಗಳ ಕೈ ನಡುಗಿತು. ಆ ಹೆದರಿಕೆಯ ಬೆಲೆ ಎಂಟುನೂರು ರೂಪಾಯಿ.

"ಕನ್ನಡದಲ್ಲಿ ಹಾಕಿದರೆ ಯಾರಿಗೆ ಅರ್ಥವಾಗುತ್ತೆ ಸಾರ್?" ಎಂದು ಮೂಗು ಮುರಿಯುವ ಐಟಿ ಗೆಳೆಯರೇ, "ಬೂಟ್" ಎಂದರೆ ನಿಮಗಾದರೂ ಏನು ಅರ್ಥವಾಗಿತ್ತು? ಬೂಟಿನ ಹಿಂಬದಿಯ ಪಟ್ಟಿ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದು ಎಂಬ ಯಾರದೋ ಊರಿನ ತಮಾಷೆಯ ಮಾತು ಅದು. ನಾವು ಬಸದಿಯ ಬಾಗಿಲಲ್ಲಿ ಬೂಟು ಬಿಚ್ಚಿಡುವ ಜನ. ಆದರೂ ಕಲಿತೆವು. "ಏಳುವುದು" ಎಂಬ ಮಾತು ಅದಕ್ಕಿಂತ ಕಷ್ಟವೇ?

ವಿಂಡೋಸಿಗೆ ಕನ್ನಡದ ತೆರೆ ಇದೆ, ಬಿಟ್ಟಿಯಾಗಿ. ಸೆಟ್ಟಿಂಗ್ಸ್‌ನಲ್ಲಿ ಸಮಯ ಮತ್ತು ಭಾಷೆ, ಅಲ್ಲಿ ಭಾಷೆ ಸೇರಿಸು, ಕನ್ನಡ. 2019ರಿಂದ ಉಚ್ಚಾರಣೆಯಂತೆ ಹೊಡೆಯುವ ಕನ್ನಡ ಕೀಲಿಮಣೆಯೂ ಒಳಗೇ ಇದೆ. ನುಡಿ ಬೇಕಾದವರು shell:startup ಎಂದು ಅದೇ ರನ್ ಪೆಟ್ಟಿಗೆಯಲ್ಲಿ ಹೊಡೆದು, ತೆರೆದ ಕಡತಕೋಶದಲ್ಲಿ ನುಡಿಯ ಶಾರ್ಟ್‌ಕಟ್ ಇಡಿ. ಹದಿನೇಳು ಜನ ಕರೆಯದ ಅತಿಥಿಗಳು ಏಳುತ್ತಿದ್ದ ಜಾಗದಲ್ಲಿ ನೀವು ಕರೆದ ಒಬ್ಬ ಏಳಲಿ. ಆಡಳಿತ ಭಾಷೆಯ ಸೆಟ್ಟಿಂಗಿನಲ್ಲಿ, ನಿಮ್ಮ ಆಯ್ಕೆಯನ್ನು ಸ್ವಾಗತ ತೆರೆಗೂ ಹೊಸ ಬಳಕೆದಾರರಿಗೂ ನಕಲಿಸುವ ಗುಂಡಿಯಿದೆ. ಎಷ್ಟು ಜನ ಒತ್ತಿದ್ದೀರಿ? ಕನ್ನಡ ಬಾವುಟವನ್ನು ವಾಲ್‌ಪೇಪರ್ ಮಾಡಿಕೊಂಡವರು ಕೈ ಎತ್ತಿ. ಅದೇ ಯಂತ್ರದ ತೆರೆಯ ಭಾಷೆ ಯಾವುದು? ನಾಚಿಕೆಯಾಗಬೇಡವೇ?

ಬೈಗುಳ ನಮಗಷ್ಟೇ ಸಾಲದು. ಮಾರುವವರಿಗೂ ಇದೆ. "ಹೋಮ್ ಸಿಂಗಲ್ ಲ್ಯಾಂಗ್ವೇಜ್" ಎಂಬ ವಿಂಡೋಸ್ ಬಗೆಯೊಂದುಂಟು. ಅದರ ಪರವಾನಗಿ ಒಂದೇ ತೆರೆಭಾಷೆಗೆ. ದೊಡ್ಡಬೆಟ್ಟದ ಮೇಲೆ ಗೊಮ್ಮಟನ ಪಾದದ ಬಳಿ ನೋಡಿ, ಚಾವುಂಡರಾಯ ಮಾಡಿಸಿದನೆಂಬ ಒಂದೇ ಸಂಗತಿಯನ್ನು ಕನ್ನಡ, ತಮಿಳು, ಮರಾಠಿ ಮೂರರಲ್ಲೂ ಕೆತ್ತಿದ್ದಾರೆ. ಕಲ್ಲಿನಲ್ಲಿ ಉಳಿಯಿಂದ ಮೂರು ಭಾಷೆ ಸಾಧ್ಯವಾಯಿತು, ಗುಂಡಿ ಒತ್ತಿದರೆ ಭಾಷೆ ಬದಲಾಗುವ ಕಾಲದಲ್ಲಿ ಒಂದೇ ಭಾಷೆ! ಕೊಳ್ಳುವ ಮುನ್ನ ಡಬ್ಬಿಯ ಮೇಲೆ ಓದಿ, ಅಂಗಡಿಯವರನ್ನು ಬಾಯಿಬಿಟ್ಟು ಕೇಳಿ. ಕನ್ನಡ ತೆರೆ ಹಾಕಿ ತೋರಿಸದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ. ಸರ್ಕಾರಿ ಶಾಲೆಗೆ, ಪಂಚಾಯ್ತಿಗೆ ಕೊಳ್ಳುವ ಟೆಂಡರಿನಲ್ಲಿ ಒಂದು ಸಾಲು ಸೇರಿಸಿ ಎಂದು ನಿಮ್ಮ ಶಾಸಕರಿಗೆ ಬರೆಯಿರಿ: ಮೊದಲ ದಿನ ಗುಂಡಿ ಒತ್ತಿದಾಗ ತೆರೆ ಕನ್ನಡದಲ್ಲಿ ಏಳಬೇಕು, ಸ್ಟಾರ್ಟಪ್ ಪಟ್ಟಿಯಲ್ಲಿ ಮಾರಾಟಗಾರನ ಸಾಮಾನು ಇರಕೂಡದು.

ಮೊನ್ನೆ ಜಿನನಾಥಪುರದಿಂದ ಫೋನು ಬಂತು.

"ಮಾವ, ಹೊಸಾ ಆಪ್ ಒಂದು ಹಾಕ್ಕೊಂಡಿದ್ದೆ. ಹೇಳ್ದೆ ಕೇಳ್ದೆ ಪಟ್ಟೀಲಿ ಬಂದು ಕೂತಿತ್ತು. ತೆಗೆದೆ. ಈಗ ಪಕ್ಕದ್ಮನೆ ಹುಡುಗ ಅವನ ಲ್ಯಾಪ್‌ಟಾಪ್ ತಂದು ಜಗಲಿ ಮೇಲೆ ಕೂತಿದಾನೆ, ಅಂಗಡಿಗೆ ಹೊರಟಿದ್ನಂತೆ. ಇಪ್ಪತ್ಮೂರು ಅದಾವೆ. ಯಾವುದ್ರಿಂದ ಶುರು ಮಾಡ್ಲಿ?"